ಗೊಂಬೆಮನೆಯ ದೀಪ

ಗೊಂಬೆಮನೆ ಎಂದೊಡನೆ ಸಾಹಿತ್ಯಾಭ್ಯಾಸಿಗಳ ಮನಸ್ಸು ಇಬ್ಸನ್ನನ ಕಡೆಗೆ ಹರಿಯುವುದು ಸಹಜ. 1879ರಲ್ಲಿ ಬೆಳಕು ಕಂಡ ಆ ನಾಟಕದ ಕೊನೆಯಲ್ಲಿ ನೋರಾ ಬಾಗಿಲೆಳೆದುಕೊಂಡು ಹೊರಟುಹೋದ ಸದ್ದು ಇನ್ನೂ ನಮ್ಮ ಕಿವಿಯಲ್ಲಿದೆ. ಆದರೆ ಅಲ್ಲಿ ಗೊಂಬೆಮನೆಯೆಂಬುದು ಒಂದು ರೂಪಕ. ನಾನು ಹೇಳಹೊರಟಿರುವುದು ನಿಜವಾದ ಗೊಂಬೆಮನೆಯ ಮಾತು: ಹಲಗೆಯಿಂದ ಮಾಡಿ, ಬಣ್ಣ ಬಳಿದು, ಒಳಗೆ ಕುರ್ಚಿ ಮೇಜು ಮಂಚಗಳನ್ನು ಜೋಡಿಸಿದ ಆಟದ ಮನೆ. ಅಂಥದೊಂದು ಮನೆಯ ಮೇಲೆ ಕ್ಯಾಥರೀನ್ ಮ್ಯಾನ್ಸ್‌ಫೀಲ್ಡ್ ಒಂದು ಸಣ್ಣಕಥೆ ಬರೆದಿದ್ದಾಳೆ. ಸಣ್ಣಕಥೆಯ ಲಕ್ಷಣ ವಿವರಿಸುವಾಗ ಉದಾಹರಣೆಗೆಂದು ಆ ಕಥೆಯನ್ನು ನಾನು ಹದಿನೈದು ವರ್ಷ ತರಗತಿಯಲ್ಲಿ ಹೇಳಿದ್ದೇನೆ; ಹದಿನೈದು ವರ್ಷವೂ ತಪ್ಪಾಗಿ ಹೇಳಿದ್ದೇನೆ. ತಪ್ಪನ್ನು ತೋರಿಸಿಕೊಟ್ಟವರು ಯಾವ ವಿಮರ್ಶಕರೂ ಅಲ್ಲ, ಸಾಲ್ಡರಿಂಗ್ ಐರನ್ ಹಿಡಿದು ಕುಳಿತಿದ್ದ ಒಬ್ಬ ಭೌತಶಾಸ್ತ್ರದ ಮೇಷ್ಟ್ರು.

ಕಥೆಯನ್ನು ಓದದವರಿಗಾಗಿ ಎರಡು ಮಾತು. ಮ್ಯಾನ್ಸ್‌ಫೀಲ್ಡ್ 1888ರಲ್ಲಿ ನ್ಯೂಜಿಲೆಂಡಿನ ವೆಲಿಂಗ್ಟನ್ನಿನಲ್ಲಿ ಹುಟ್ಟಿದವಳು. ಯೂರೋಪಿನಲ್ಲಿ ಬಾಳಿ, ಕ್ಷಯರೋಗದಿಂದ ನವೆದು, 1923ರಲ್ಲಿ ಮೂವತ್ತನಾಲ್ಕನೆಯ ವಯಸ್ಸಿಗೆ ತೀರಿಕೊಂಡಳು. ಈ ಕಥೆಯನ್ನು ಬರೆದದ್ದು 1921ರಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ. ಕಥೆಯೊಳಗಿನ ಬರ್ನೆಲ್ ಎಂಬ ಅನುಕೂಲಸ್ಥರ ಮನೆಗೆ ಉಡುಗೊರೆಯಾಗಿ ಒಂದು ದೊಡ್ಡ ಗೊಂಬೆಮನೆ ಬರುತ್ತದೆ. ಹೊಸ ಬಣ್ಣದ ಘಾಟು ತಡೆಯಲಾರದೆ ಅದನ್ನು ಅಂಗಳದಲ್ಲೇ ಇರಿಸುತ್ತಾರೆ. ಮನೆಯ ಮೂವರು ಹೆಣ್ಣುಮಕ್ಕಳು ಶಾಲೆಯ ಗೆಳತಿಯರನ್ನು ಇಬ್ಬಿಬ್ಬರಾಗಿ ಕರೆತಂದು ತೋರಿಸುತ್ತಾರೆ. ಎಲ್ಲರೂ ನೋಡಿದ್ದಾಯಿತು, ಇಬ್ಬರ ಹೊರತು: ಮನೆಮನೆಗೆ ಹೋಗಿ ಬಟ್ಟೆ ಒಗೆಯುವವಳ ಮಕ್ಕಳಾದ ಲಿಲ್ ಮತ್ತು ಎಲ್ಸ್. ಅವರ ತಂದೆ ಸೆರೆಮನೆಯಲ್ಲಿದ್ದಾನೆಂದು ಊರಿನ ಗುಸುಗುಸು. ಅವರು ತೊಟ್ಟಿರುವುದು ಊರವರು ಕೊಟ್ಟ ಮೇಜುಹಾಸು, ಪರದೆಗಳ ತುಂಡುಗಳಿಂದ ಹೊಲಿದ ಬಟ್ಟೆ. ಅವರೊಡನೆ ಮಾತನಾಡಕೂಡದೆಂದು ಬರ್ನೆಲ್ ಮಕ್ಕಳಿಗೆ ಕಟ್ಟಪ್ಪಣೆ. ಒಂದು ಸಂಜೆ ಆ ಮಕ್ಕಳಲ್ಲೊಬ್ಬಳಾದ ಕೆಜಿಯಾ, ಗೇಟಿಗೆ ಜೋತುಬಿದ್ದು ತೂಗಾಡುತ್ತಿದ್ದವಳು, ದಾರಿಯಲ್ಲಿ ಬರುತ್ತಿದ್ದ ಆ ಇಬ್ಬರನ್ನು ಕಂಡು ಒಳಗೆ ಕರೆದು ಮನೆಯನ್ನು ತೆರೆದು ತೋರಿಸುತ್ತಾಳೆ. ಅಷ್ಟರಲ್ಲಿ ಚಿಕ್ಕಮ್ಮ ಬೆರಿಲ್ ಬಂದು ಕೋಳಿಗಳನ್ನು ಅಟ್ಟುವಂತೆ ಅವರನ್ನು ಅಟ್ಟಿಬಿಡುತ್ತಾಳೆ. ಓಡಿಹೋದ ಅಕ್ಕತಂಗಿಯರು ದಾರಿಯ ಬದಿಯಲ್ಲಿ ಕುಳಿತು ಉಸಿರು ಬಿಡುವಾಗ, ಎಂದೂ ಮಾತನಾಡದ ಎಲ್ಸ್, ಆ ಪುಟ್ಟ ದೀಪವನ್ನು ತಾನು ಕಂಡೆನೆಂದು ಹೇಳಿ ನಗುತ್ತಾಳೆ. ಕಥೆ ಅಲ್ಲಿಗೆ ಮುಗಿಯುತ್ತದೆ.

ಯಾವ ದೀಪ? ಗೊಂಬೆಮನೆಯ ಊಟದ ಕೋಣೆಯ ಮೇಜಿನ ಮೇಲಿದ್ದ ದೀಪ. ಹಳದಿ ಗಾಜಿನ ಬುಡ್ಡಿ, ಬಿಳಿಯ ಗೋಳ. ಒಳಗೆ ಎಣ್ಣೆಯಂಥದೇನೋ ಇದೆ. ಅಲುಗಿಸಿದರೆ ಅದೂ ಅಲುಗುತ್ತದೆ. ಹೊತ್ತಿಸಲು ಸಿದ್ಧವಾಗಿದೆ, ಆದರೆ ಹೊತ್ತಿಸಲು ಬರುವುದಿಲ್ಲ.

ತರಗತಿಯಲ್ಲಿ ನಾನು ಹೇಳುತ್ತಿದ್ದ ಅರ್ಥ ಇದು: ದೀಪವೆಂದರೆ ಸಿರಿವಂತರ ಬಾಳಿನ ಸಂಕೇತ, ಬಡ ಹುಡುಗಿಗೆ ಅದು ದಕ್ಕಲಿಲ್ಲ, ಕಣ್ಣಿಗೆ ಒಮ್ಮೆ ಕಂಡಿತು ಅಷ್ಟೆ, ಆದ್ದರಿಂದ ಅವಳ ಕೊನೆಯ ನಗು ದಾರುಣವಾದ ವ್ಯಂಗ್ಯ. ಒಂದು ವರ್ಷ ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಸಾರ್, ಅವಳಿಗೆ ನಿಜವಾಗಿಯೂ ಸಂತೋಷವೇ ಆಗಿರಬಹುದಲ್ಲವೆ?” ಎಂದು ಕೇಳಿದಳು. ವ್ಯಂಗ್ಯವನ್ನು ಗ್ರಹಿಸುವುದಕ್ಕೆ ಸಂಸ್ಕಾರ ಬೇಕೆಂದು ಹೇಳಿ ಅವಳನ್ನು ಕೂರಿಸಿದೆ. ಉಳಿದವರು ನಕ್ಕರು. ಅವಳು ಮತ್ತೆ ಆ ವರ್ಷ ಪ್ರಶ್ನೆ ಕೇಳಲಿಲ್ಲ.

ಇನ್ನು ನನ್ನ ಮಿತ್ರರ ವಿಷಯ. ಅವರ ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಬಿಡಿಬಿಡಿಯಾಗಿ ಬಂದ ಹಲಗೆಗಳನ್ನು ಕೂಡಿಸಿ ಕಟ್ಟಬಹುದಾದ ವಿಕ್ಟೋರಿಯಾ ಕಾಲದ ಮಾದರಿಯ ಗೊಂಬೆಮನೆಯೊಂದನ್ನು ಆಕೆ ತಂದುಕೊಟ್ಟಳು. ಅಲ್ಲಿ ಇದು ಮಕ್ಕಳ ಆಟಕ್ಕಿಂತ ಹೆಚ್ಚಾಗಿ ದೊಡ್ಡವರ ಹವ್ಯಾಸ. ನಿಜವಾದ ಮನೆಯ ಒಂದಡಿ ಇಲ್ಲಿ ಒಂದಂಗುಲ. ಹನ್ನೆರಡರಲ್ಲಿ ಒಂದು ಪಾಲು. ಕುರ್ಚಿ, ಬಟ್ಟಲು, ಬಾಗಿಲ ಹಿಡಿ ಎಲ್ಲವೂ ಇದೇ ಲೆಕ್ಕದಲ್ಲಿರಬೇಕು. ಮಿತ್ರರು ಸಂಜೆಯ ಹೊತ್ತು ಇದನ್ನು ಕಟ್ಟುತ್ತಿದ್ದರು. ಗೋಡೆಗೆ ಕಾಗದ ಅಂಟಿಸಲು ನನ್ನನ್ನು ಕರೆಯುತ್ತಿದ್ದರು.

ದೀಪದ ಕೆಲಸವೇ ಇದರಲ್ಲಿ ಕಷ್ಟದ್ದು. ಮನೆಯ ವಿದ್ಯುತ್ತನ್ನು ಟ್ರಾನ್ಸ್‌ಫಾರ್ಮರಿನ ಮೂಲಕ 12 ವೋಲ್ಟಿಗೆ ಇಳಿಸುತ್ತಾರೆ. ಹಿಂಬದಿಗೆ ಅಂಟಿರುವ ತಾಮ್ರದ ತೆಳುಪಟ್ಟಿಗಳೆರಡನ್ನು, ಒಂದನ್ನೊಂದು ಮುಟ್ಟದಂತೆ, ಗೋಡೆಯ ಉದ್ದಕ್ಕೂ ಒತ್ತಿ, ಅವು ಕಾಣದಂತೆ ಮೇಲೆ ಕಾಗದ ಹೊದಿಸುತ್ತಾರೆ. ದೀಪದ ತಂತಿಯ ಎರಡು ತುದಿಗಳನ್ನು ಪುಟ್ಟ ಹಿತ್ತಾಳೆಯ ಮೊಳೆಗಳಿಂದ ಪಟ್ಟಿಗಳಿಗೆ ಸೇರಿಸುತ್ತಾರೆ. ಬಲ್ಬುಗಳನ್ನು ಗೋಧಿಕಾಳು, ಅಕ್ಕಿಕಾಳು ಎಂದೇ ಆ ಹವ್ಯಾಸಿಗಳು ಕರೆಯುವುದು, ಗಾತ್ರವೂ ಹಾಗೆಯೇ. ಈಚೆಗೆ ಎಲ್‌ಇಡಿಗಳೂ ಬಂದಿವೆ. ಕಾಗದ ಅಂಟಿಸುವ ಮೊದಲೇ ಪ್ರತಿಯೊಂದು ಕೂಡಿಕೆಯನ್ನೂ ಪರೀಕ್ಷಿಸಬೇಕು. ನಾನು ಆತುರಪಟ್ಟು ಒಂದು ಕೋಣೆಗೆ ಮೊದಲೇ ಅಂಟಿಸಿಬಿಟ್ಟಿದ್ದೆ. ದೀಪ ಹತ್ತಲಿಲ್ಲ, ಗೋಡೆಯನ್ನೇ ಹರಿದು ದೋಷ ಹುಡುಕಬೇಕಾಯಿತು.

ಹೀಗೆ ಕುಳಿತಿದ್ದ ಒಂದು ಸಂಜೆ ಮ್ಯಾನ್ಸ್‌ಫೀಲ್ಡಳ ಕಥೆಯನ್ನು ಅವರಿಗೆ ಓದಿ ಹೇಳಿದೆ. ಕೇಳಿ ಮುಗಿಸಿದವರು ಮೊದಲು ಆಡಿದ ಮಾತು ಬಡತನದ ಮೇಲಲ್ಲ, ಅಳತೆಯ ಮೇಲೆ. “ಮೇಷ್ಟ್ರೆ, ಈಯಮ್ಮನಿಗೆ ಕೆಲಸ ಗೊತ್ತು ಕಣ್ರೀ. ಗೊಂಬೆಗಳು ಮನೆಗಿಂತ ದೊಡ್ಡವು ಅಂತ ಹೇಳ್ತಾಳೆ ನೋಡಿ. ದೀಪ ಒಂದೇ ಅಳತೆಗೆ ಸರಿಯಾಗಿದೆ.”

ಅದು ನಿಜ. ಕಥೆಯಲ್ಲಿ ತಂದೆತಾಯಿ ಗೊಂಬೆಗಳು ಮೂರ್ಛೆಹೋದವರಂತೆ ಸೆಟೆದು ಬಿದ್ದಿವೆ. ಆ ಮನೆಗೆ ಸೇರಿದವರಂತೆ ಕಾಣುವುದಿಲ್ಲ. ದೀಪ ಮಾತ್ರ ಅಲ್ಲಿ ವಾಸವಾಗಿರುವಂತಿದೆ. ಕೆಜಿಯಾಳಿಗೆ ಅದು ನಿಜವೆನ್ನಿಸುವುದು ಉರಿಯುವುದರಿಂದಲ್ಲ, ಪ್ರಮಾಣದಿಂದ. ಔಚಿತ್ಯವೇ ಕಾವ್ಯದ ಜೀವವೆಂದು ಕ್ಷೇಮೇಂದ್ರ ವಾದಿಸಿದ್ದನ್ನು ಪ್ರತಿವರ್ಷ ಪಾಠ ಹೇಳುವ ನನಗೆ ಇದು ಹೊಳೆದಿರಲಿಲ್ಲ. ಮನೆಗೆ ಮೀರಿದ ಗಾತ್ರದ ಹಿರಿಯರು, ಮನೆಗೆ ತಕ್ಕ ದೀಪ: ಇಡೀ ಕಥೆಯ ನೀತಿ ಈ ಅಳತೆಯಲ್ಲಿದೆ. ಬೆರಿಲಳ ಸಂಗತಿಯನ್ನು ನೋಡಿ. ಅಂದು ಮಧ್ಯಾಹ್ನ ಅವಳಿಗೆ ಒಬ್ಬನಿಂದ ಬೆದರಿಕೆಯ ಕಾಗದ ಬಂದಿದೆ. ಹೇಳಿದ ಕಡೆಗೆ ಬಾರದಿದ್ದರೆ ತಾನೇ ಮನೆಬಾಗಿಲಿಗೆ ಬರುವೆನೆಂದು ಬರೆದಿದ್ದಾನೆ. ಈ ಭಾಗ ಕಥೆಗೆ ಹೊರಗಿನದೆಂದು ನಾನು ಹಿಂದೆ ಆಕ್ಷೇಪಿಸಿದ್ದುಂಟು. ಈಗ ಹಾಗೆ ತೋರುವುದಿಲ್ಲ. ತನ್ನ ಬಾಗಿಲಿಗೆ ಬರುವವನನ್ನು ಅಟ್ಟಲಾರದವಳು ಅಂಗಳಕ್ಕೆ ಬಂದ ಎರಡು ಮಕ್ಕಳನ್ನು ಅಟ್ಟಿ, ಮನಸ್ಸು ಹಗುರಮಾಡಿಕೊಂಡು, ಗುನುಗುತ್ತ ಒಳಗೆ ಹೋಗುತ್ತಾಳೆ. ಅಳತೆ ತಪ್ಪಿದ ಕೋಪವೆಂದರೆ ಇದೇ.

ಮಿತ್ರರ ಎರಡನೆಯ ಮಾತು ಬಂದದ್ದು ಮನೆಯ ಕೆಲಸ ಮುಗಿದ ದಿನ. ಕೋಣೆಯ ದೀಪಗಳನ್ನೆಲ್ಲ ಆರಿಸಿ, ಗೊಂಬೆಮನೆಯ ಮುಂಗೋಡೆಯನ್ನು ಮುಚ್ಚಿ, ಸ್ವಿಚ್ಚು ಒತ್ತಿದರು. ಕಿಟಕಿಗಳೆಲ್ಲ ಒಮ್ಮೆಗೇ ಹೊಂಬಣ್ಣಕ್ಕೆ ತಿರುಗಿದವು. ಚೆನ್ನಾಗಿದೆ ಎಂದೆ. ಅವರು ಹೇಳಿದರು: “ಈಗ ನೋಡಿ, ಬಾಗಿಲು ತೆಗೆಯೋ ಕೆಲಸವೇ ಇಲ್ಲ. ಹೊರಗೆ ನಿಂತವರಿಗೂ ಕಾಣುತ್ತೆ. ನಿಮ್ಮ ಕಥೆಯ ದೀಪ ಉರಿಯೋದಿಲ್ಲ. ಉರಿಯೋದಿಲ್ಲ ಅಂತಲೇ ಯಾರಾದರೂ ಬಾಗಿಲು ತೆಗೀಬೇಕು.”

ನಾನು ಮನೆಗೆ ಹೋಗಿ ಕಥೆಯನ್ನು ಮತ್ತೆ ಓದಿದೆ. ಉರಿಯುವ ದೀಪ ತನ್ನನ್ನು ತಾನೇ ತೋರಿಸಿಕೊಳ್ಳುತ್ತದೆ; ಉರಿಯದ ದೀಪಕ್ಕೆ ತೋರಿಸುವವರು ಬೇಕು, ನೋಡುವವರೂ ಬೇಕು. ಕೆಜಿಯಾ ಬಾಗಿಲು ತೆರೆಯುತ್ತಾಳೆ. ಇದು ಅರ್ಧ ಮಾತ್ರ. ಆಕೆ ಕೋಣೆಗಳನ್ನು ಒಂದೊಂದಾಗಿ ಹೆಸರಿಸುತ್ತ ಬಂದು, ಊಟದ ಕೋಣೆಯನ್ನು ಹೇಳಿ, ಮುಂದಿನದನ್ನು ಹೇಳಹೋಗುವಷ್ಟರಲ್ಲಿ ಚಿಕ್ಕಮ್ಮನ ಕೂಗು ಕೇಳುತ್ತದೆ. ವಾಕ್ಯ ಅಲ್ಲಿಗೇ ತುಂಡಾಗುತ್ತದೆ. ದೀಪವೆಂಬ ಮಾತು ಅವಳ ಬಾಯಿಂದ ಬರುವುದೇ ಇಲ್ಲ. ಹಾಗಾದರೆ ಎಲ್ಸ್ ದೀಪವನ್ನೇ ಕಂಡದ್ದು ಹೇಗೆ? ಹಿಂದೆ ಶಾಲೆಯಲ್ಲಿ ಅಕ್ಕ ಇಸಬೆಲ್ ಗೊಂಬೆಮನೆಯನ್ನು ವರ್ಣಿಸುತ್ತಿದ್ದಾಗ ದೀಪವನ್ನು ಮರೆತಿದ್ದಳು. ಕೆಜಿಯಾ ನೆನಪಿಸಿ, ಎಲ್ಲಕ್ಕಿಂತ ಅದೇ ಚೆಂದವೆಂದು ಕೂಗಿದ್ದಳು. ಗುಂಪಿನಲ್ಲಿ ಯಾರೂ ಅದಕ್ಕೆ ಕಿವಿಗೊಡಲಿಲ್ಲ. ಗುಂಪಿನ ಹೊರಗೆ ನಿಂತು ಕೇಳಿಸಿಕೊಳ್ಳುತ್ತಿದ್ದ ಇಬ್ಬರಲ್ಲಿ ಒಬ್ಬಳು ಕಿವಿಗೊಟ್ಟಿದ್ದಳು. ಆ ಒಂದು ಮಾತನ್ನು ಇಟ್ಟುಕೊಂಡು ಬಂದು, ಕ್ಷಣಮಾತ್ರ ದೊರೆತ ನೋಟದಲ್ಲಿ, ಯಾರೂ ಬೆರಳು ತೋರಿಸದೆ, ಅವಳೇ ಅದನ್ನು ಹುಡುಕಿಕೊಂಡಳು.

ಇದು ಭಿಕ್ಷೆಯಲ್ಲ. ಹುಡುಗಿಯ ನಗುವಿನಲ್ಲಿ ವ್ಯಂಗ್ಯವೂ ಇಲ್ಲ. ಊರವರ ಪರದೆ, ಮೇಜುಹಾಸುಗಳನ್ನು ತೊಟ್ಟು ಬೆಳೆದ ಮನೆಯ ಮಗುವಿಗೆ, ಯಾರೂ ಕೊಡದೆ ತಾನೇ ಪಡೆದ ವಸ್ತು ಅದೊಂದೇ. ಚಿಕ್ಕಮ್ಮ ಅಟ್ಟಿದ್ದನ್ನು ಎಲ್ಸ್ ಆಗಲೇ ಮರೆತಿದ್ದಾಳೆ. ಮರೆಯದೆ ಉಳಿದವರು ನಾವು, ಅವಳ ಮೇಲೆ ಮರುಕಪಡಲೇಬೇಕೆಂದು ಹಟ ಹಿಡಿದ ಓದುಗರು. ಮರುಕವೂ ಒಂದು ಬಗೆಯ ಗೇಟು ಎಂದು ನನಗೆ ಈಗ ತೋರುತ್ತದೆ. ಆಚೆ ಇರುವವರನ್ನು ಆಚೆಯೇ ಇರಿಸುತ್ತದೆ. ಅನ್ಯಾಯದ ಚಿತ್ರ ಕಥೆಯಲ್ಲಿಲ್ಲವೆಂದು ಹೇಳುತ್ತಿಲ್ಲ. ಅದು ಕಣ್ಣಿಗೆ ರಾಚುವಂತಿದೆ, ಅದನ್ನು ಕಾಣಲು ಮೇಷ್ಟ್ರು ಬೇಕಾಗಿಲ್ಲ. ಆದರೆ ಕಥೆ ಅಲ್ಲಿಗೆ ನಿಲ್ಲದೆ ಒಂದು ಹೆಜ್ಜೆ ಮುಂದೆ ಹೋಗಿದೆ, ನಾನು ಹೋಗಿರಲಿಲ್ಲ.

ಮ್ಯಾನ್ಸ್‌ಫೀಲ್ಡ್ ಇದನ್ನು ಬರೆಯುತ್ತಿದ್ದ ಕಾಲಕ್ಕೇ ಇಂಗ್ಲೆಂಡಿನಲ್ಲಿ ಮತ್ತೊಂದು ಗೊಂಬೆಮನೆ ಸಿದ್ಧವಾಗುತ್ತಿತ್ತು. ಹೊಸ ದೆಹಲಿಯ ಶಿಲ್ಪಿಯಾದ ಎಡ್ವಿನ್ ಲುಟ್ಯೆನ್ಸ್ ಮೇರಿ ರಾಣಿಗಾಗಿ ರೂಪಿಸಿದ ಆ ಮನೆಯ ಕೆಲಸ ನಡೆದದ್ದು 1921ರಿಂದ 1924ರವರೆಗೆ. ಅದೂ ಅಂಗುಲಕ್ಕೆ ಅಡಿಯ ಲೆಕ್ಕದ್ದೇ. ಅಲ್ಲಿ ವಿದ್ಯುದ್ದೀಪ ಉರಿಯುತ್ತದೆ, ನಲ್ಲಿಯಲ್ಲಿ ನೀರು ಬರುತ್ತದೆ, ಲಿಫ್ಟು ಏರಿಳಿಯುತ್ತದೆ. ಪುಸ್ತಕಾಲಯಕ್ಕೆ ಕಾನನ್ ಡಾಯ್ಲ್ ಮೊದಲಾದವರು ಪುಟ್ಟ ಪುಸ್ತಕಗಳನ್ನು ಬರೆದುಕೊಟ್ಟರು. 1924ರ ವೆಂಬ್ಲಿ ಪ್ರದರ್ಶನದಲ್ಲಿ ಹದಿನಾರು ಲಕ್ಷಕ್ಕೂ ಮೀರಿ ಜನ ನೋಡಿದ ಅದು ಈಗ ವಿಂಡ್ಸರ್ ಅರಮನೆಯಲ್ಲಿದೆ. ಕುಶಲಕಲೆಯ ದೃಷ್ಟಿಯಿಂದ ಅದು ಅದ್ಭುತವೆಂಬುದರಲ್ಲಿ ಸಂಶಯವಿಲ್ಲ. ಆದರೆ ಎಲ್ಲವೂ ನಡೆಯುವ ಮನೆಯಲ್ಲಿ ನೋಡುವವನ ಕಲ್ಪನೆಗೆ ಕೆಲಸ ಉಳಿಯುವುದಿಲ್ಲ. ನನ್ನ ಮಿತ್ರರಂಥ ಹವ್ಯಾಸಿಗಳಲ್ಲಿಯೂ ಕೆಲವರು ಈ ಆಸೆಗೆ ಬಿದ್ದು ಕೋಣೆಗೊಂದು ತೂಗುದೀಪ ಕಟ್ಟಿ ಮನೆಯನ್ನು ಅಂಗಡಿಯ ಗಾಜುಕಪಾಟು ಮಾಡಿಬಿಡುತ್ತಾರೆ. ವಿಕ್ಟೋರಿಯಾ ಕಾಲದ ಬಹುಪಾಲು ಮನೆಗಳು ಅನಿಲದ ದೀಪ, ಸೀಮೆಎಣ್ಣೆಯ ದೀಪಗಳಲ್ಲೇ ಕಳೆದವು. ವಿದ್ಯುತ್ ಬಲ್ಬು ಬಂದದ್ದೇ 1880ರ ಸುಮಾರಿಗೆ. ಆ ಮನೆಗಳಲ್ಲಿ ಬೆಳಕಿಗಿಂತ ನೆರಳು ಹೆಚ್ಚು. ಮಿತ್ರರು ಇದನ್ನರಿತು ನಾಲ್ಕೇ ದೀಪಗಳಿಗೆ ನಿಂತರು. ಅಟ್ಟದ ಕೋಣೆಯನ್ನು ಕತ್ತಲಲ್ಲೇ ಬಿಟ್ಟರು. ಮೊಮ್ಮಗಳು ಮೊದಲು ಬಗ್ಗಿ ನೋಡಿದ್ದು ಅಟ್ಟವನ್ನೇ.

ಕೂಡಿಕೆಯನ್ನು ಪರೀಕ್ಷಿಸದೆ ಕಾಗದ ಅಂಟಿಸಿದ ನನ್ನ ಅಭ್ಯಾಸ ಆ ಒಂದು ಗೋಡೆಗೆ ಮಾತ್ರ ಸೇರಿದ್ದಲ್ಲ. ಅಂದು ನಾನು ಕೂರಿಸಿದ ವಿದ್ಯಾರ್ಥಿನಿ ಕೇಳಿದ್ದು ಸರಿಯಾದ ಪ್ರಶ್ನೆ. ಅವಳು ಎಂಥ ಮನೆಯಿಂದ ಬಂದವಳು, ಎಲ್ಸಳ ನಗುವನ್ನು ಅಷ್ಟು ಬೇಗ ಹೇಗೆ ಗುರುತಿಸಿದಳು, ನಾನು ವಿಚಾರಿಸಲಿಲ್ಲ. ಅವಳು ಕಾಲೇಜು ಬಿಟ್ಟು ವರ್ಷಗಳಾದವು. ಈ ಪುರವಣಿ ಅವಳ ಕೈಗೆ ಸಿಕ್ಕೀತೋ ಇಲ್ಲವೋ. ಸಿಕ್ಕಿದರೆ, ಉತ್ತರ ಹೇಳಲು ತಡವಾದದ್ದಕ್ಕೆ ಮೇಷ್ಟ್ರನ್ನು ಕ್ಷಮಿಸಲಿ: ಹೌದಮ್ಮ, ಅವಳಿಗೆ ಸಂತೋಷವೇ ಆಗಿತ್ತು.