ಕರ್ಣಚೌರ್ಯವೂ ವ್ಯಾಜೋಕ್ತಿಯೂ

ಬಯಲಾದುದನ್ನು ಬೇರೊಂದು ನೆವದಿಂದ ಮುಚ್ಚುವ ಮಾತಿಗೆ ಆಲಂಕಾರಿಕರು ವ್ಯಾಜೋಕ್ತಿಯೆಂದು ಹೆಸರಿಟ್ಟಿರುವರು. ಪಾಣಿಗ್ರಹಣದಲ್ಲಿ ರೋಮಾಂಚಗೊಂಡ ಶಿವನು ಹಿಮವಂತನ ಕೈಗಳ ಶೈತ್ಯವನ್ನು ದೂರುವುದು ಮಮ್ಮಟನು ಕೊಡುವ ಉದಾಹರಣೆ. ಪ್ರಜೆಗಳ ಮಾತನ್ನು ಕದ್ದು ಕೇಳಿದ ಸುದ್ದಿ ಹೊರಬಿದ್ದಾಗ ಅಧಿಕಾರಸ್ಥರಾಡುವ ವಾಕ್ಯಗಳನ್ನೂ ಈ ಒರೆಗಲ್ಲಿಗೆ ಹಚ್ಚಿ ನೋಡಬೇಕಾಗಿದೆ.

1988ರಲ್ಲಿ ಕರ್ನಾಟಕದ ಪೊಲೀಸರು ರಾಜಕಾರಣಿಗಳ, ಅವರಲ್ಲಿ ಆಳುವ ಪಕ್ಷದವರೇ ಕೆಲವರ, ದೂರವಾಣಿಗಳಿಗೆ ಕಿವಿಗೊಟ್ಟಿದ್ದರೆಂಬುದು ಪ್ರಕಟವಾಯಿತು. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ತಮ್ಮ ಅಪ್ಪಣೆಯನ್ನು ಅಲ್ಲಗಳೆದು, ನೈತಿಕ ಹೊಣೆ ಹೊತ್ತು ಆಗಸ್ಟಿನಲ್ಲಿ ಪದತ್ಯಾಗ ಮಾಡಿದರು. ವಿಶೇಷಣವು ವಿಶೇಷ್ಯದ ಭಾರವನ್ನಿಳಿಸುವ ಅಪೂರ್ವ ಪ್ರಯೋಗವಿದು! ಹೊಣೆಯು ‘ನೈತಿಕ’ವಾದೊಡನೆ ಯಾರು ಕೇಳಿಸಿದರು, ಯಾರು ಕೇಳಿದರು, ಬರೆದಿಟ್ಟ ಮಾತುಗಳು ಎಲ್ಲಿ ಹೋದುವು ಎಂಬ ಪ್ರಶ್ನೆಗಳು ಉತ್ತರವಿಲ್ಲದೆ ಉಳಿದುವು. ಆದರೂ ಆ ವ್ಯಾಜೋಕ್ತಿಯ ಹಿಂದೆ ಒಂದು ಖಾಲಿ ಕುರ್ಚಿಯಾದರೂ ಇತ್ತು. ಅನಂತರದವರಲ್ಲಿ ಅದೂ ಇಲ್ಲ.

ಹೆಗಡೆಯವರನ್ನು ದೂರಿದ ದೆಹಲಿಯ ಸತ್ಯನಿಷ್ಠೆಯೂ ಅಷ್ಟಕ್ಕಷ್ಟೆ. ಅಂಚೆಯ ಕಾಗದಗಳನ್ನು ತಡೆದು ಒಡೆಯುವ ಅಧಿಕಾರವನ್ನು ವಿಸ್ತರಿಸುವ ಮಸೂದೆಯನ್ನು 1986ರಲ್ಲಿ ಸಂಸತ್ತಿನಲ್ಲಿ ಅಂಗೀಕಾರ ಮಾಡಿಸಿದುದು ಅದೇ ರಾಜೀವಗಾಂಧಿಯವರ ಸರಕಾರ. ರಾಷ್ಟ್ರಪತಿ ಜೈಲ್ ಸಿಂಗರು ಸಹಿಹಾಕದೆ ಅದನ್ನು ಹಾಗೆಯೇ ಇಟ್ಟುಕೊಂಡರು.

1989ರ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ 224ರಲ್ಲಿ 178 ಸ್ಥಾನಗಳು ಬಂದು, ಕಲಬುರಗಿ ಸೀಮೆಯ ಚಿಂಚೋಳಿಯವರಾದ ವೀರೇಂದ್ರ ಪಾಟೀಲರು ಮುಖ್ಯಮಂತ್ರಿಗಳಾದರು. ಆ ಗೆಲುವನ್ನು ದೂರವಾಣಿಯ ಪ್ರಕರಣಕ್ಕೇ ಕಟ್ಟುವುದು ಅತಿಶಯೋಕ್ತಿಯಾದೀತು. ಆಗ ಕಮಲಾಪುರದ ಕೆಂಪು ಬಾಳೆಯ ತೋಟಗಾರನ ಮನೆಯಲ್ಲಿ ದೂರವಾಣಿಯೇ ಅಪರೂಪ. ದೊಡ್ಡವರ ಮಾತನ್ನು ದೊಡ್ಡವರು ಕದ್ದರೆ ಅವನಿಗೇನು? ಇಂದಾದರೋ ಆ ಯಂತ್ರ ಅವನ ಜೇಬಿನಲ್ಲಿದೆ. ಸಾಲದ ಲೆಕ್ಕ, ಮಗಳ ಸಂಬಂಧದ ಮಾತು, ವೈದ್ಯನಿಗೆ ಹೇಳಿಕೊಂಡ ರೋಗ, ಎಲ್ಲವೂ ಅದರೊಳಗೇ.

2019ರ ಕರ್ನಾಟಕದ ಆರೋಪದಲ್ಲಿ ಹೊಸತೇನಿಲ್ಲ. ಕುಮಾರಸ್ವಾಮಿಯವರು ನಿರಾಕರಿಸಿದರು, ಯಡಿಯೂರಪ್ಪನವರು ಸಿ.ಬಿ.ಐ.ಗೆ ಒಪ್ಪಿಸಿದರು. 2021ರ ಪೆಗಾಸಸ್ ಪ್ರಕರಣದ ಶೈಲಿ ಬೇರೆ. ಕಲಬುರಗಿಯಿಂದ ಎರಡು ಸಲ ಲೋಕಸಭೆಗೆ ಆರಿಸಿಬಂದಿದ್ದ ಮಲ್ಲಿಕಾರ್ಜುನ ಖರ್ಗೆಯವರು ಆಗ ರಾಜ್ಯಸಭೆಯಲ್ಲಿ ವಿರೋಧಪಕ್ಷದ ನಾಯಕರು, ಚರ್ಚೆಗೆ ಪಟ್ಟುಹಿಡಿದರು. (1986ರ ಮಸೂದೆ ಅವರ ಪಕ್ಷದ್ದೇ ಎಂಬುದನ್ನು ವಾಚಕರು ಮರೆಯಬೇಕಾಗಿಲ್ಲ.) ಆ ಸಾಧನವನ್ನು ಬಳಸಿದೆವೆಂದಾಗಲಿ ಬಳಸಲಿಲ್ಲವೆಂದಾಗಲಿ ಕೇಂದ್ರ ಸರಕಾರ ಸರ್ವೋಚ್ಚ ನ್ಯಾಯಾಲಯಕ್ಕೆ ಹೇಳಲಿಲ್ಲ, ರಾಷ್ಟ್ರರಕ್ಷಣೆಯೆಂದಿತು. ವ್ಯಾಜೋಕ್ತಿಗೆ ನೆವ ಹುಡುಕುವಷ್ಟು ಶ್ರಮವಾದರೂ ಬೇಕು, ಕೇಳುವವನಿಗೆ ಬುದ್ಧಿಯಿದೆಯೆಂಬ ಅಳುಕಾದರೂ ಬೇಕು. ಇಲ್ಲಿ ಎರಡೂ ಇಲ್ಲ. ನ್ಯಾಯಾಲಯದ ಸಮಿತಿ ಪರೀಕ್ಷಿಸಿದ 29 ದೂರವಾಣಿಗಳಲ್ಲಿ 5ರಲ್ಲಿ ದುಷ್ಟ ತಂತ್ರಾಂಶ ಸಿಕ್ಕಿತು. ಅದು ಪೆಗಾಸಸ್ಸೇ ಎಂದು ನಿರ್ಣಯವಾಗಲಿಲ್ಲ. ಸರಕಾರ ಸಹಕರಿಸಲಿಲ್ಲವೆಂದು ಸಮಿತಿ ಹೇಳಿದುದು 2022ರಲ್ಲಿ ತೆರೆದ ನ್ಯಾಯಾಲಯದಲ್ಲಿಯೇ ಕೇಳಿಬಂದಿತು.

ಈ ಎಲ್ಲ ನೆವಗಳ ಬೀಜ 1885ರ ತಂತಿ ಕಾಯಿದೆಯ ಎರಡು ಪದಗಳಲ್ಲಿದೆ: ಸಾರ್ವಜನಿಕ ಸುರಕ್ಷತೆ. ಅದರ ಸ್ಥಾನಕ್ಕೆ ಬಂದ 2023ರ ದೂರಸಂಪರ್ಕ ಕಾಯಿದೆಯಲ್ಲಿಯೂ ಅವೇ ಪದಗಳು ಕುಳಿತಿವೆ.