ನೋಡುವವರು ಎಲ್ಲಿ ನಿಂತಿದ್ದಾರೆ?

ಲಾಲ್‌ಬಾಗಿನ ಚಾಳೊಂದರ ಎರಡನೆಯ ಮಾಳಿಗೆಯ ಗ್ಯಾಲರಿ. ಜುಲೈ ತಿಂಗಳ ಸಂಜೆ. ಎದುರಿಗೆ, ಕೈಚಾಚಿದರೆ ಸಿಕ್ಕೀತು ಎನ್ನಿಸುವಷ್ಟು ಹತ್ತಿರದಲ್ಲಿ ಫ್ಲೈಓವರ್. ಅದರ ಮೇಲೆ ಮಳೆಗೆ ನಿಂತುಬಿಟ್ಟ ಕಾರುಗಳ ಸಾಲು, ಒಂದು ಟ್ಯಾಕ್ಸಿಯ ಕಿಟಕಿಯಲ್ಲಿ ನಮ್ಮ ಕಡೆಗೇ ನೋಡುತ್ತಿರುವ ಮುಖ. ಕೆಳಗೆ ರಸ್ತೆಯಲ್ಲಿ ಕೊಡೆಗಳು ಮಾತ್ರ, ಮನುಷ್ಯರಿಲ್ಲ. ಹಿಂದೆ ಮಿಲ್ಲಿನ ಒಂದು ಚಿಮಣಿ, ಅದರ ಹಿಂದೆ ಅದನ್ನು ಆಟಿಕೆಯಂತೆ ಮಾಡಿ ನಿಂತ ವಸತಿ ಗೋಪುರಗಳು. ಅವುಗಳ ತಲೆ ಮೋಡದಲ್ಲಿ.

‘ಲಾಲ್‌ಬಾಗ್, ಜುಲೈ’ ಎಂಬ ಈ ಡಿಜಿಟಲ್ ಚಿತ್ರ ನಮ್ಮ ಭಾನುವಾರದ ಬಳಗದ ಒಬ್ಬ ಕಲಾವಿದೆಯದು. ಹೆಸರು ಬೇಡ ಎಂದಿದ್ದಾಳೆ. ಮಾಟುಂಗದ ಒಂದು ಕೊಠಡಿಯಲ್ಲಿ ತಿಂಗಳಿಗೆರಡು ಸಲ ಸೇರುವ ಏಳೆಂಟು ಮಂದಿಯಲ್ಲಿ ಹೆಚ್ಚಿನವರು ಚಿತ್ರ ಬರೆಯುವವರು. ನಾನು ಬರೆಯದೆ ಬರಿದೆ ನೋಡುವವ. ಅವಳು ಪ್ರತಿ ಸಲ ತಂದ ರೂಪವನ್ನು ಬೇರೆ ಬೇರೆ ಕಡತವಾಗಿ ಉಳಿಸಿಕೊಂಡಿದ್ದರಿಂದ ಈಗ ಹನ್ನೊಂದು ರೂಪಗಳನ್ನು ಸಾಲಾಗಿ ಇಟ್ಟು ನೋಡುವ ಅವಕಾಶ ಸಿಕ್ಕಿದೆ. ಎಣ್ಣೆಬಣ್ಣದ ಚಿತ್ರವಾಗಿದ್ದರೆ ಹತ್ತು ರೂಪಗಳು ಹನ್ನೊಂದನೆಯದರ ಅಡಿಯಲ್ಲಿ ಹೂತುಹೋಗಿರುತ್ತಿದ್ದವು. ಜೊತೆಯವರ ಮಾತು ಒಂದು ಚಿತ್ರವನ್ನು ಎಲ್ಲಿ ಬೆಳೆಸುತ್ತದೆ, ಎಲ್ಲಿ ಕೆಡಿಸುತ್ತದೆ ಎಂಬುದನ್ನು ಇಷ್ಟು ನಿಚ್ಚಳವಾಗಿ ನೋಡಲು ಸಿಗುವುದು ಅಪರೂಪ.

ಮೊದಲ ರೂಪದಲ್ಲಿ ಗ್ಯಾಲರಿಯೂ ಇಲ್ಲ, ಟ್ಯಾಕ್ಸಿಯ ಮುಖವೂ ಇಲ್ಲ. ಅಂಬೇಡ್ಕರ್ ರಸ್ತೆಯ ನಟ್ಟನಡುವೆ ಒಂದೇ ಬಿಂದು. ಎರಡೂ ಕಡೆಯ ಕಟ್ಟಡಗಳ ಗೆರೆಗಳು, ಮೇಲಿನ ಫ್ಲೈಓವರಿನ ಅಂಚುಗಳು, ಕೆಳಗಿನ ಡಿವೈಡರು, ಎಲ್ಲವೂ ಓಡಿಹೋಗಿ ಆ ಬಿಂದುವಿನಲ್ಲಿ ಸೇರುತ್ತವೆ. ವ್ಯಾನಿಶಿಂಗ್ ಪಾಯಿಂಟ್ ಎನ್ನುವ ಇದಕ್ಕೆ ಬಳಗದಲ್ಲಿ ‘ಕೂಡುಬಿಂದು’ ಎಂಬ ಹೆಸರು ಬಿದ್ದುಬಿಟ್ಟಿದೆ. ಅವಳು ಬಳಸುವ ಕ್ರಿಟಾ ಎಂಬ ಉಚಿತ ತಂತ್ರಾಂಶದಲ್ಲಿ ಕೂಡುಬಿಂದುವನ್ನು ಒಮ್ಮೆ ನೆಟ್ಟರೆ ಸಾಕು, ಎಳೆದ ಗೆರೆಯೆಲ್ಲ ತಾನಾಗಿಯೇ ಅದರ ಕಡೆಗೆ ಅಂಟಿಕೊಂಡು ಸಾಗುತ್ತದೆ. ಕೈ ನಡುಗಿದರೂ ಗೆರೆ ನಡುಗುವುದಿಲ್ಲ. ಬಳಗ ಮೆಚ್ಚಿತು. ಆಳ ಬಂದಿದೆ ಎಂದಿತು. ಕನ್ನಡಿಯಂತೆ ಎಡಬಲ ತಿರುಗಿಸಿ ನೋಡಿ, ತೂಕ ಸರಿಯಿದೆ ಎಂದಿತು. ಬಣ್ಣ ತೆಗೆದು ಬರಿಯ ಬೂದಿಯಲ್ಲಿ ನೋಡಿ, ಬೆಳಕು ನೆರಳೂ ಸರಿಯಿದೆ ಎಂದಿತು.

ಎಲ್ಲ ಸರಿಯಿದ್ದ ಆ ಚಿತ್ರ ಸತ್ತಿತ್ತು. ಯಾಕೆಂದು ಹೇಳಿದವರು ಬಳಗದ ಹಿರಿಯರು. ದಾದರಿನಿಂದ ಮುಲುಂಡಿನವರೆಗೆ ಅಂಗಡಿಗಳ ಬೋರ್ಡು ಬರೆದೇ ಜೀವ ಸವೆಸಿದ, ಉಡುಪಿ ಕಡೆಯ ಮನುಷ್ಯ. ಕಂಪ್ಯೂಟರು ಮುಟ್ಟುವವರಲ್ಲ.

“ಅಲ್ಲ ಮಾರಾಯ್ತಿ, ಇದನ್ನು ನೋಡುವವ ಎಲ್ಲಿ ನಿಂತಿದ್ದಾನೆ?”

“ರಸ್ತೆಯ ಮಧ್ಯದಲ್ಲಿ, ಮಾಮ.”

“ಅಲ್ಲಿ ನಿಲ್ಲಲಿಕ್ಕೆ ಬೆಸ್ಟ್ ಬಸ್ಸಿನವ ಬಿಡ್ತಾನಾ?”

ನಗು ಎದ್ದಿತು. ಆದರೆ ಪರ್ಸ್‌ಪೆಕ್ಟಿವ್ ಎಂಬ ವಿದ್ಯೆಯ ಬುಡ ಇರುವುದೇ ಈ ಪ್ರಶ್ನೆಯಲ್ಲಿ. 15ನೆಯ ಶತಮಾನದ ಆರಂಭದಲ್ಲಿ ಫ್ಲಾರೆನ್ಸಿನ ಬ್ರುನೆಲ್ಲೆಸ್ಕಿ ಆ ಊರಿನ ಬ್ಯಾಪ್ಟಿಸ್ಟರಿಯ ಚಿತ್ರವನ್ನು ಒಂದು ಹಲಗೆಯ ಮೇಲೆ ಬರೆದು, ಹಲಗೆಗೆ ಒಂದು ತೂತು ಕೊರೆದ. ನೋಡುವವರು ಹಲಗೆಯ ಹಿಂಬದಿಯಿಂದ ಆ ತೂತಿಗೆ ಕಣ್ಣಿಟ್ಟು, ಎದುರಿಗೆ ಹಿಡಿದ ಕನ್ನಡಿಯಲ್ಲಿ ಚಿತ್ರದ ಪ್ರತಿಬಿಂಬ ನೋಡಬೇಕಿತ್ತು. ಅದೂ ಅವನು ಹೇಳಿದ ಜಾಗದಲ್ಲಿ, ಎದುರಿನ ಕೆಥೆಡ್ರಲ್ಲಿನ ಬಾಗಿಲ ಒಳಗೆ ನಿಂತು. ಅಂದರೆ ಈ ವಿದ್ಯೆ ಹುಟ್ಟುವಾಗಲೇ ನಿಲ್ಲುವ ಜಾಗವನ್ನು ಹಟಹಿಡಿದು ಹೇಳಿತ್ತು. 1435ರಲ್ಲಿ ಆಲ್ಬೆರ್ಟಿ ಅದನ್ನು ಗ್ರಂಥಕ್ಕೆ ಇಳಿಸಿದ. ನಿಯಮ ಪುಸ್ತಕದಿಂದ ಪುಸ್ತಕಕ್ಕೆ, ಅಲ್ಲಿಂದ ತಂತ್ರಾಂಶಕ್ಕೆ ಇಳಿದು ಬಂದಿದೆ; ಬಾಗಿಲು ಮಾತ್ರ ಎಲ್ಲೋ ಬಿದ್ದುಹೋಯಿತು. ಈಗ ಕೂಡುಬಿಂದುವನ್ನು ತೆರೆಯ ನಡುವೆ ಇಟ್ಟರೆ ಯಾರೂ ಏನೂ ಕೇಳುವುದಿಲ್ಲ.

ಚಿತ್ರದಲ್ಲಿ ದಿಗಂತರೇಖೆ ಎಂದರೆ ನೋಡುವವರ ಕಣ್ಣಿನ ಮಟ್ಟ, ಅಷ್ಟೆ. ಸಮತಟ್ಟಾದ ಫುಟ್‌ಪಾತಿನಲ್ಲಿ ನಿಂತು ನೋಡಿದರೆ ನಮ್ಮಷ್ಟೇ ಎತ್ತರದವರ ಕಣ್ಣುಗಳೆಲ್ಲ, ಹತ್ತಿರದವರದಾಗಲಿ ದೂರದವರದಾಗಲಿ, ಆ ಒಂದೇ ರೇಖೆಯ ಮೇಲೆ ಬರುತ್ತವೆ. ದೂರ ಹೋದಂತೆ ಕಾಲುಗಳು ಮೇಲೆ ಸರಿಯುತ್ತವೆ, ತಲೆ ಅಲ್ಲೇ ಉಳಿಯುತ್ತದೆ. ಕೂತು ನೋಡಿದರೆ ಲೋಕವೆಲ್ಲ ತಲೆಯ ಮೇಲೆ. ಮಾಳಿಗೆಯಿಂದ ನೋಡಿದರೆ ಎಲ್ಲರೂ ರೇಖೆಯ ಕೆಳಗೆ. ಇಷ್ಟು ಸರಳ. ಆದರೆ ಈ ನಗರದಲ್ಲಿ ಯಾರು ಎಷ್ಟು ಎತ್ತರದಿಂದ ನೋಡುತ್ತಾರೆ ಎನ್ನುವುದು ಬರಿಯ ಜ್ಯಾಮಿತಿಯ ಮಾತಲ್ಲ.

ಹಿರಿಯರ ಪ್ರಶ್ನೆಯ ನಂತರದ ರೂಪಗಳಲ್ಲಿ ಕಣ್ಣು ನಿಲ್ಲಲು ಜಾಗ ಹುಡುಕುತ್ತ ಅಲೆಯುತ್ತದೆ. ನಾಲ್ಕನೆಯದು ಚಿವಡಾ ಗಲ್ಲಿಯ ಮೂಲೆಯ ಫುಟ್‌ಪಾತಿನದು. ಅದರಲ್ಲಿ ವಿಶೇಷವಿಲ್ಲ. ಐದನೆಯದರ ಬಗ್ಗೆ ಸ್ವಲ್ಪ ಹೇಳಬೇಕು. ಅಲ್ಲಿ ಕಣ್ಣು ನೆಲದಿಂದ ಎರಡೂವರೆ ಅಡಿಗೆ ಇಳಿದಿದೆ. ಫುಟ್‌ಪಾತಿನಲ್ಲಿ ಕೂತು ತರಕಾರಿ ಮಾರುವ ಹೆಂಗಸಿನ ಕಣ್ಣು ಅದು. ತುಂಬ ಕಾಲುಗಳು, ಕೈಚೀಲಗಳ ಅಡಿಭಾಗ, ಮೇಲೆ ಆಕಾಶವನ್ನು ಮುಚ್ಚಿದ ಛಾವಣಿಯಂತೆ ಫ್ಲೈಓವರಿನ ಹೊಟ್ಟೆ. ಬಳಗದಲ್ಲಿ ಇದಕ್ಕೆ ಸಿಕ್ಕಷ್ಟು ಚಪ್ಪಾಳೆ ಬೇರೆ ಯಾವ ರೂಪಕ್ಕೂ ಸಿಕ್ಕಿಲ್ಲ. ಅವಳು ಅದನ್ನು ಬಿಟ್ಟಳು. ಬಿಟ್ಟದ್ದು ಸರಿ ಎಂದು ನನ್ನ ಅಭಿಪ್ರಾಯ. ಆ ಚಿತ್ರದಲ್ಲಿ ಹೆಂಗಸಿನ ಕಣ್ಣಿತ್ತು, ಅವಳಿಗೆ ಕಾಣುವುದು ಇರಲಿಲ್ಲ. ದಿನವಿಡೀ ಅಲ್ಲಿ ಕೂತವಳು ಜನರ ಕಾಲು ನೋಡುತ್ತಾಳೆಯೇ? ಮುಖ ನೋಡುತ್ತಾಳೆ, ಕೈ ನೋಡುತ್ತಾಳೆ, ಮುನಿಸಿಪಾಲಿಟಿಯ ಗಾಡಿ ಬರುವ ದಿಕ್ಕು ನೋಡುತ್ತಾಳೆ. ಕಣ್ಣಿನ ಮಟ್ಟವನ್ನು ಇಳಿಸಿದ ಮಾತ್ರಕ್ಕೆ ಬಡವರ ಪರ ಚಿತ್ರವಾಗುವುದಿಲ್ಲ.

ಆರನೆಯ ರೂಪದಲ್ಲಿ ಗ್ಯಾಲರಿ ಬಂತು. ಅದು ಅವಳ ಸೋದರತ್ತೆಯ ಮನೆಯ ಮುಂದಿನದು. ರಜೆಯಲ್ಲಿ ಬಂದು ಉಳಿಯುತ್ತಿದ್ದ ಜಾಗ. ಚಾಳಿನ ಪುನರ್ನಿರ್ಮಾಣಕ್ಕೆ ಬಾಡಿಗೆದಾರರ ಸಹಿಗಳು ಬಿದ್ದಾಗಿದೆ. ಕೆಲವು ಖೋಲಿಗಳು ಖಾಲಿಯಾಗಿವೆ. ಇನ್ನು ಕೆಲವು ವರ್ಷಗಳಲ್ಲಿ ಅತ್ತೆಗೆ ಅದೇ ನೆಲದ ಮೇಲೆ, ಆದರೆ ಬಹುಶಃ ಇಪ್ಪತ್ತನೆಯ ಮಾಳಿಗೆಯಲ್ಲಿ ಮನೆ ಸಿಗಬಹುದು. ಆಗ ಈ ಕಣ್ಣಿನ ಮಟ್ಟ ಎಂಬುದೇ ಇರುವುದಿಲ್ಲ. ಅಲ್ಲಿ ಗಾಳಿ ಇರುತ್ತದೆ, ನಿಲ್ಲುವ ಜಾಗ ಇರುವುದಿಲ್ಲ. ಚಿತ್ರದ ಅವಸರ ಇದು.

ಇಲ್ಲಿ ಜ್ಯಾಮಿತಿ ತಾನಾಗಿ ಒಂದು ಕಾಣಿಕೆ ಕೊಟ್ಟಿದೆ. ಕಣ್ಣಿನ ಮಟ್ಟದಲ್ಲಿರುವ ಗೆರೆ ಎಷ್ಟು ದೂರ ಹೋದರೂ ಮೇಲಕ್ಕೂ ಕೆಳಕ್ಕೂ ವಾಲುವುದಿಲ್ಲ, ನೇರ ಅಡ್ಡಕ್ಕೆ ಸಾಗುತ್ತದೆ. ಎರಡನೆಯ ಮಾಳಿಗೆಯ ಗ್ಯಾಲರಿಯಲ್ಲಿ ನಿಂತರೆ ಫ್ಲೈಓವರಿನ ಮೈ ಹೆಚ್ಚುಕಡಿಮೆ ಆ ಮಟ್ಟಕ್ಕೆ ಬರುತ್ತದೆ. ಹಾಗಾಗಿ ಎಲ್ಲ ಕಟ್ಟಡಗಳ ಗೆರೆಗಳೂ ಓರೆಯಾಗಿ ಓಡುವ ಚಿತ್ರದಲ್ಲಿ ಇದೊಂದು ಮಾತ್ರ ಅಡ್ಡಲಾಗಿ, ನಿಶ್ಚಲವಾಗಿ ಮಲಗಿದೆ. ಸಮುದ್ರ ತೀರದ ಊರಲ್ಲಿ ದಿಗಂತ ಇರಬೇಕಾದ ಕಡೆ 2011ರಲ್ಲಿ ತೆರೆದ ಕಾಂಕ್ರೀಟಿನ ಸೇತುವೆ ಇದೆ. ಇದನ್ನು ಅವಳು ಯೋಚಿಸಿ ಮಾಡಿದಳೋ ಇಲ್ಲವೋ, ನನಗೆ ಮುಖ್ಯವಲ್ಲ. ಟ್ಯಾಕ್ಸಿಯ ಕಿಟಕಿಯ ಮುಖವೂ ಅದೇ ರೇಖೆಯ ಮೇಲಿದೆ. ಆದ್ದರಿಂದ ಆ ಮುಖ ಮತ್ತು ಗ್ಯಾಲರಿಯಲ್ಲಿ ನಿಂತವರು ಸಮಸಮ. ನಗರದ ಚಿತ್ರದಲ್ಲಿ ಅಪರಿಚಿತರಿಬ್ಬರ ನಡುವೆ ಇಷ್ಟು ನೇರವಾದ ನೋಟ ಸಿಗುವುದು ಕಷ್ಟ.

ಇಲ್ಲಿಗೆ ಬಳಗದ ಉಪಕಾರ ಮುಗಿಯಿತು. ಏಳನೆಯ ರೂಪದಿಂದ ಅಪಕಾರ ಶುರು.

ಆರನೆಯ ರೂಪದ ಎಡಮೂಲೆಯಲ್ಲಿ, ಗಲ್ಲಿ ಓರೆಯಾಗಿ ರಸ್ತೆಗೆ ಸೇರುವ ಕಡೆ, ಒಂದು ಹಳೆಯ ಕಟ್ಟಡ ಉಳಿದವಕ್ಕಿಂತ ಸ್ವಲ್ಪ ತಿರುಗಿ ನಿಂತಿತ್ತು. ಕೆಳಗೆ ಮಸಾಲೆ ಅಂಗಡಿ, ಮೇಲೆ ಮರದ ಕಟಾಂಜನ. ನಿಜವಾಗಿಯೂ ಆ ಕಟ್ಟಡ ಹಾಗೆಯೇ ಇದೆ, ನಾನು ಹೋಗಿ ನೋಡಿದ್ದೇನೆ. ಬಳಗದ ಇಬ್ಬರು ತಂತ್ರಾಂಶದ ಮಾರ್ಗದರ್ಶಿ ಗೆರೆಗಳನ್ನು ತೆರೆಯ ಮೇಲೆ ಹೊತ್ತಿಸಿ, ಈ ಮನೆ ಕೂಡುಬಿಂದುವಿಗೆ ಹೋಗುತ್ತಿಲ್ಲ, ಪರ್ಸ್‌ಪೆಕ್ಟಿವ್ ತಪ್ಪಿದೆ ಎಂದರು. ತಪ್ಪಿರಲಿಲ್ಲ. ತಿರುಗಿ ನಿಂತ ಕಟ್ಟಡಕ್ಕೆ ಅದರದೇ ಕೂಡುಬಿಂದುಗಳಿರುತ್ತವೆ. ಅವು ಅದೇ ದಿಗಂತರೇಖೆಯ ಮೇಲೆ ಬಿದ್ದರೆ ಲೆಕ್ಕ ಸರಿ. ಅವಳ ಮನೆಯ ಗೆರೆಗಳನ್ನು ಅಡ್ಡಪಟ್ಟಿ ಹಿಡಿದು ಎಳೆದು ನೋಡಿದರೆ ಚಿತ್ರದ ಚೌಕಟ್ಟಿನಾಚೆ, ಎಡಕ್ಕೆ ಒಂದು ಗೇಣು ದೂರದಲ್ಲಿ, ಸರಿಯಾಗಿ ಆ ರೇಖೆಯ ಮೇಲೆಯೇ ಸೇರುತ್ತವೆ. ಯಾರೂ ಎಳೆದು ನೋಡಲಿಲ್ಲ. ಏಳನೆಯ ರೂಪದಲ್ಲಿ ಮನೆ ಸಾಲಿಗೆ ಬಂದು ನೆಟ್ಟಗೆ ನಿಂತಿದೆ, ಕವಾಯತಿನ ಪೊಲೀಸನ ಹಾಗೆ. ಬಿಲ್ಡರ್ ಕೆಲವು ವರ್ಷಗಳಲ್ಲಿ ಮಾಡಲಿರುವ ಕೆಲಸವನ್ನು ಬಳಗ ಒಂದು ಭಾನುವಾರ ಮಾಡಿ ಮುಗಿಸಿತು.

ಡಿಜಿಟಲ್ ಮಾಧ್ಯಮದ ಒಂದು ಅಪಾಯ ಇಲ್ಲಿದೆ. ಎಣ್ಣೆಬಣ್ಣದಲ್ಲಿ ಒಂದು ಮನೆಯನ್ನು ತಿರುಗಿಸಬೇಕಾದರೆ ಒಣಗಿದ ಬಣ್ಣ ಕೆರೆಯಬೇಕು, ವಾರಗಟ್ಟಲೆ ಕಾಯಬೇಕು. ಆ ಕಷ್ಟದ ಭಯಕ್ಕಾದರೂ ಕಲಾವಿದ ಜಗಳ ಮಾಡುತ್ತಾನೆ, ನನ್ನದೇ ಸರಿ ಎನ್ನುತ್ತಾನೆ. ಇಲ್ಲಿ ಒಪ್ಪಿಕೊಳ್ಳುವುದಕ್ಕೆ ತಗಲುವ ಸಮಯ ಐದು ನಿಮಿಷ. ವಾದ ಮಾಡಲು ಅರ್ಧ ಗಂಟೆ ಬೇಕು. ಹೀಗಾಗಿ ಸಲಹೆಗಳೆಲ್ಲ ಒಪ್ಪಿಗೆಯಾಗುತ್ತವೆ. ಹೇಳುವವರೂ ಹಗುರವಾಗಿ ಹೇಳುತ್ತಾರೆ.

ಬಣ್ಣದ ವಿಚಾರವೂ ಇದೇ. ದೂರದ್ದು ತೆಳುವಾಗಿ ನೀಲಿಗೆ ತಿರುಗುತ್ತದೆ, ಹತ್ತಿರದ್ದು ಗಾಢವಾಗಿ ಕೆಂಪು ಹಳದಿಯ ಕಡೆಗಿರುತ್ತದೆ ಎಂಬುದು ಪಾಠ. ಬೆಟ್ಟಗಳ ಚಿತ್ರಕ್ಕೆ ಇದು ನಿಜ. ಮಳೆಗಾಲದ ಮುಂಬಯಿಯಲ್ಲಿ ಅತಿ ಗಾಢವಾದ ನೀಲಿ ಇರುವುದು ಕಾಲಬುಡದಲ್ಲಿ, ಛಾವಣಿಗಳ ಮೇಲೆ ಹೊದೆಸಿದ ಟಾರ್ಪಾಲಿನಲ್ಲಿ. ದೂರದ ಗೋಪುರಗಳು ಒದ್ದೆ ಬೂದಿಯ ಬಣ್ಣದವು. ಎಂಟನೆಯ ರೂಪದಲ್ಲಿ ಟಾರ್ಪಾಲು ಬಳಗದ ಮಾತಿಗೆ ಕಂದು ಬಣ್ಣಕ್ಕೆ ತಿರುಗಿತ್ತು. ಒಂಬತ್ತನೆಯದರಲ್ಲಿ ಮತ್ತೆ ನೀಲಿಯಾಗಿದೆ. ಈ ಸಲ ಅವಳು ಜಗಳ ಮಾಡಿದಳು ಎಂದು ಕೇಳಿ ಖುಷಿಯಾಯಿತು.

ಮುಂಬಯಿಯಲ್ಲಿ ಕನ್ನಡಿಗರ ನಡುವೆ ಚಿತ್ರಕಲೆಯ ಮಾತು ಬಂದರೆ ಕಟ್ಟಿಂಗೇರಿಯಿಂದ ಬಂದು ಜೆ.ಜೆ. ಸ್ಕೂಲಿನಲ್ಲಿ ಕಲಿತ ಹೆಬ್ಬಾರರಲ್ಲಿಗೆ ಹೋಗಿ ನಿಲ್ಲುತ್ತದೆ. ಅಭಿಮಾನ ಸರಿಯೇ. ಆದರೆ ಈ ಚಿತ್ರದ ಹತ್ತಿರದ ಬಂಧು ಬೇರೆ: ಠಾಣೆಯಲ್ಲಿ ರೇಡಿಯಾಲಜಿಸ್ಟ್ ಆಗಿ ದುಡಿಯುತ್ತಲೇ ಈ ನಗರವನ್ನು ಬರೆದ ಸುಧೀರ್ ಪಟವರ್ಧನ್. 2001ರ ‘ಲೋವರ್ ಪರೇಲ್’ನಂಥ ಅವರ ನಗರದೃಶ್ಯಗಳಲ್ಲಿ ಕಣ್ಣು ಒಂದೇ ಕಡೆ ನಿಂತಿರುವುದಿಲ್ಲ. ಒಂದು ಭಾಗವನ್ನು ಮೇಲಿನಿಂದ ನೋಡಿದರೆ ಪಕ್ಕದ್ದನ್ನು ಎದುರಿನಿಂದ ನೋಡುತ್ತದೆ, ರಸ್ತೆ ಬಾಗಿ ಹೊರಳುತ್ತದೆ. ಆದರೂ ಎಲ್ಲಿಯೂ ತಪ್ಪು ಎನ್ನಿಸುವುದಿಲ್ಲ, ಏಕೆಂದರೆ ನಡೆಯುತ್ತ ನೋಡುವವರಿಗೆ ನಗರ ಹಾಗೆಯೇ ಸಿಗುತ್ತದೆ. ರಾಜಸ್ಥಾನದ ಚಿಕಣಿ ಚಿತ್ರಕಾರರೂ ಅಂಗಳವನ್ನು ಮೇಲಿನಿಂದ, ಅದರಲ್ಲಿ ಕೂತವರನ್ನು ಪಕ್ಕದಿಂದ ಬರೆದವರು. ಹಾಗೆ ಮುರಿಯುವ ಹಕ್ಕು ಅವಳಿಗೂ ಇದೆ ಎಂದು ವಾದಿಸಬಹುದು. ಈ ಚಿತ್ರಕ್ಕೆ ಅದು ಬೇಡ ಎನ್ನುವುದು ನನ್ನ ಎಣಿಕೆ. ಇಲ್ಲಿ ನೋಡುತ್ತಿರುವುದು ನಡೆಯುವ ಕಣ್ಣಲ್ಲ. ಮಳೆಗೆ ಒಣಗದ ಬಟ್ಟೆಯನ್ನು ಕಟಾಂಜನದ ಮೇಲೆ ತಿರುಗಿಸಿ ಹಾಕಿ, ಅಲ್ಲೇ ನಿಂತು ನೋಡುವ ಅತ್ತೆಯ ಕಣ್ಣು. ಅದಕ್ಕೆ ಒಂದೇ ಜಾಗ ಇರುವುದು. ಅದೂ ಇನ್ನು ಸ್ವಲ್ಪ ಕಾಲ.

ಹತ್ತು ಮತ್ತು ಹನ್ನೊಂದನೆಯ ರೂಪಗಳು ಸಣ್ಣಪುಟ್ಟ ತಿದ್ದುಪಡಿಗಳು. ಕೊಡೆಗಳ ಮೇಲಿನ ಬೆಳಕು ಚೆನ್ನಾಗಿದೆ. ಗೋಪುರಗಳ ಕಿಟಕಿಗಳನ್ನು ಒಂದೇ ಕುಂಚದಚ್ಚಿನಿಂದ ಒತ್ತಿ ತುಂಬಿಸಿದ್ದು ಎದ್ದು ಕಾಣುತ್ತದೆ. ಅಲ್ಲಿಯೂ ಯಾರಾದರೂ ಬಟ್ಟೆ ಒಣಗಿಸುತ್ತಿರಬಹುದಲ್ಲ. ಎಡಮೂಲೆಯ ಮನೆ ಕೊನೆಯ ರೂಪದಲ್ಲಿಯೂ ನೆಟ್ಟಗೇ ನಿಂತಿದೆ. ಚಿತ್ರ ಅಲ್ಲಿ ಸೊರಗಿದೆ, ಕಣ್ಣು ಆ ಮೂಲೆಗೆ ಹೋಗಿ ಏನೂ ಸಿಗದೆ ವಾಪಸು ಬರುತ್ತದೆ.

ಕಡತ ತೆರೆದು ತೋರಿಸುವಾಗ ಪದರಗಳ ಪಟ್ಟಿಯಲ್ಲಿ ತೀರ ಕೆಳಗೆ ‘ಮೂಲೆಮನೆ ಹಳೆಯದು’ ಎಂಬ ಹೆಸರು ಕಂಡಿತು. ಅಳಿಸಿಲ್ಲ. ಪಕ್ಕದ ಕಣ್ಣಿನ ಗುರುತನ್ನು ಒತ್ತಿ ಮರೆಮಾಡಿದ್ದಾಳೆ, ಅಷ್ಟೆ. ಒಮ್ಮೆ ಒತ್ತಿ ತೋರಿಸು ಎಂದೆ. ಓರೆ ಮನೆ, ಮಸಾಲೆ ಅಂಗಡಿಯ ಕೆಂಪು, ಕಟಾಂಜನದ ಮುರಿದ ಒಂದು ಸರಳು, ಎಲ್ಲ ಇದ್ದಲ್ಲೇ ಇತ್ತು. ಬೋರ್ಡಿನ ಮಾಮ ಕನ್ನಡಕ ಹಣೆಗೇರಿಸಿ ತೆರೆಯ ಹತ್ತಿರ ಬಂದು, “ಆ ಬೋರ್ಡು ನಾನೇ ಬರೆದದ್ದೋ ಏನೋ” ಎಂದರು.