ಸ್ನಾಯುಗಳ ಮುಪ್ಪಿನಲ್ಲಿ ಸ್ತ್ರೀಪುರುಷಭೇದ

ಮುಪ್ಪಿನಲ್ಲಿ ಮೈಯ ಕಸುವು ಉಡುಗುವುದೇಕೆಂಬ ಪ್ರಶ್ನೆಗೆ ಶರೀರಶಾಸ್ತ್ರಜ್ಞರು ಕೊಡುತ್ತ ಬಂದಿರುವ ಉತ್ತರಗಳಲ್ಲಿ, ಸ್ನಾಯುಕೋಶಗಳೊಳಗಿನ ಮೈಟೊಕಾಂಡ್ರಿಯಗಳು ಕ್ಷೀಣಿಸುವುವೆಂಬುದು ಮುಖ್ಯವಾದುದು. ಆಹಾರಸಾರವನ್ನು ಆಮ್ಲಜನಕದೊಡನೆ ಸೇರಿಸಿ ಎ.ಟಿ.ಪಿ. ಎಂಬ ಶಕ್ತಿದ್ರವ್ಯವನ್ನು ಸಿದ್ಧಪಡಿಸುವ ಈ ಸೂಕ್ಷ್ಮಾಂಗಗಳಿಗೆ, ನೂಲು ಮತ್ತು ಕಾಳು ಎಂಬರ್ಥದ ಎರಡು ಗ್ರೀಕ್ ಶಬ್ದಗಳನ್ನು ಕೂಡಿಸಿ 1898ರಲ್ಲಿ ಹೆಸರಿಟ್ಟವನು ಬೆಂಡಾ ಎಂಬ ಜರ್ಮನ್ ಪಂಡಿತನು. 2005ರಲ್ಲಿ ಷಾರ್ಟ್, ನಾಯರ್ ಮೊದಲಾದವರು 18ರಿಂದ 89 ವರ್ಷದವರೆಗಿನ 146 ಮಂದಿ ಸ್ತ್ರೀಪುರುಷರ ತೊಡೆಯ ಸ್ನಾಯುವನ್ನು ಪರೀಕ್ಷಿಸಿ, ವಯಸ್ಸು ಏರಿದಂತೆ ಎ.ಟಿ.ಪಿ. ಉತ್ಪತ್ತಿಯೂ ಮೈಟೊಕಾಂಡ್ರಿಯಗಳ ಡಿ.ಎನ್.ಎ. ಪ್ರಮಾಣವೂ ಇಳಿಯುವುದೆಂದು ತೋರಿಸಿದರು. ಇದನ್ನು ಓದಿದವರು ಈ ಇಳಿತವು ಮನುಷ್ಯಮಾತ್ರರಿಗೆಲ್ಲ ಒಂದೇ ಬಗೆಯದೆಂದು ಭಾವಿಸಿದರೆ ಆಶ್ಚರ್ಯವಿಲ್ಲ.

ಆ ಭಾವನೆಗೆ ತೊಡಕನ್ನು ತರುವುದು 2014ರಲ್ಲಿ ಕ್ಯಾಲಹನ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಪ್ರಬಂಧ. 21ರಿಂದ 35 ವರ್ಷದ ತರುಣರನ್ನೂ 65ರಿಂದ 75 ವರ್ಷದ ವೃದ್ಧರನ್ನೂ ಹೋಲಿಸುವಾಗ, ಎರಡು ಪಂಗಡಗಳವರ ದಿನನಿತ್ಯದ ಚಟುವಟಿಕೆ ಸಮನಾಗಿರುವಂತೆ ಆರಿಸಿಕೊಂಡುದೇ ಅವರ ಕೆಲಸದ ಹೆಚ್ಚಳ. ಕುಳಿತೇ ಕಾಲ ಕಳೆಯುವ ಮುದುಕನನ್ನು ಓಡಾಡುವ ಹುಡುಗನೊಡನೆ ತೂಗಿದರೆ ಅಳೆದದ್ದು ಮುಪ್ಪನ್ನೋ ಜಡತೆಯನ್ನೋ ತಿಳಿಯದು. ಓಟದ ಅಭ್ಯಾಸಮಾತ್ರದಿಂದ ಇಲಿಗಳ ಸ್ನಾಯುವಿನಲ್ಲಿ ಮೈಟೊಕಾಂಡ್ರಿಯಗಳ ಕಿಣ್ವಶಕ್ತಿ ಸುಮಾರು ಇಮ್ಮಡಿಯಾಗುವುದನ್ನು ಹಾಲೊಸಿಯವರು 1967ರಲ್ಲಿಯೇ ತೋರಿಸಿದ್ದರಷ್ಟೆ. ಚಟುವಟಿಕೆ ಸಮನಾದಾಗ, ಸ್ನಾಯುತಂತುವಿನಲ್ಲಿ ಮೈಟೊಕಾಂಡ್ರಿಯಗಳು ಆಕ್ರಮಿಸುವ ಒಟ್ಟು ಭಾಗದಲ್ಲಿ ಎಳೆಯರಿಗೂ ಮುದಿಯರಿಗೂ ವ್ಯತ್ಯಾಸ ಕಾಣಲಿಲ್ಲ. ಆದರೆ ತಂತುವಿನೊಳಗಣ ಎಳೆಗಳ ನಡುವೆ ಇರುವ ಮೈಟೊಕಾಂಡ್ರಿಯಗಳ ಗಾತ್ರ ಮುಪ್ಪಿನಲ್ಲಿ ಕುಗ್ಗಿದ್ದಿತು. ಆ ಕುಗ್ಗು ಬಹುಮಟ್ಟಿಗೆ ಹೆಂಗಸರದೇ. ಇಬ್ಬರನ್ನೂ ಒಂದೇ ರಾಶಿಗೆ ಸುರಿದು ಸರಾಸರಿ ತೆಗೆದಿದ್ದರೆ, ಹೆಂಗಸರ ಕುಗ್ಗು ಅರೆಮರೆಯಾಗಿ ಅದರ ಪಾಲು ಗಂಡಸರ ತಲೆಗೂ ಬರುತ್ತಿದ್ದಿತು.

ಇಷ್ಟರಿಂದಲೇ ಸ್ತ್ರೀಯರ ಮೈಟೊಕಾಂಡ್ರಿಯಗಳು ದುರ್ಬಲವೆಂದು ತೀರ್ಮಾನಿಸುವುದು ಆತುರವಾದೀತು. ಗಾತ್ರ ಬೇರೆ, ಕಸುವು ಬೇರೆ. ಇದೇ ಪ್ರಬಂಧದ ಪ್ರಕಾರ ಮೈಟೊಕಾಂಡ್ರಿಯ ಕಿರಿದಾದಷ್ಟೂ ತಂತುವಿನ ಎಳೆತದ ಬಲ ಹೆಚ್ಚು, ಸಂಕೋಚನದ ಅಣುಗಳ ವೇಗ ಕಡಿಮೆ. ಅಂದರೆ ಕುಗ್ಗುವಿಕೆಯು ಬರಿಯ ನಷ್ಟವಲ್ಲದಿರಬಹುದು. ಅಲ್ಲದೆ 2018ರಲ್ಲಿ ಕಾರ್ಡಿನಾಲೆ ಮತ್ತು ಜೊತೆಗಾರರು, ಮೈಟೊಕಾಂಡ್ರಿಯಗಳ ಸ್ವಂತ ಉಸಿರಾಟಶಕ್ತಿಯು ಗಂಡಸರಿಗಿಂತ ಹೆಂಗಸರಲ್ಲಿ ಮೇಲೆಂದು ಕಂಡಿರುವರು.

ಕ್ಯಾಲಹನ್ನರ ಪ್ರಬಂಧದಲ್ಲಿ ದೊಡ್ಡ ಕೊರತೆಯೊಂದುಂಟು. 35ಕ್ಕೆ ನಿಂತ ಲೆಕ್ಕ ಮತ್ತೆ ಮೊದಲಾಗುವುದು 65ಕ್ಕೆ. ಹೆಂಗಸರಿಗೆ ಮುಟ್ಟು ನಿಲ್ಲುವುದು ಸಾಮಾನ್ಯವಾಗಿ 45ರಿಂದ 55ರೊಳಗೆ. ಸ್ತ್ರೀಪುರುಷಭೇದದ ಗುಟ್ಟು ಅಡಗಿರಬಹುದಾದ ಆ ಕಾಲವೇ ಪಟ್ಟಿಯಲ್ಲಿಲ್ಲ! ಕುಗ್ಗು ಮುಟ್ಟು ನಿಂತೊಡನೆ ಬಂದಿತೋ, ವರ್ಷವರ್ಷವೂ ಕೊಂಚಕೊಂಚವಾಗಿ ಬಂದಿತೋ ಎಂಬುದಕ್ಕೆ ಈ ಅಂಕಿಗಳು ಬಾಯಿ ಬಿಡವು. ಹೋಲಿಸಿದವರಾದರೂ ಬೇರೆ ಬೇರೆ ಕಾಲದಲ್ಲಿ ಹುಟ್ಟಿ, ಬೇರೆ ಬೇರೆ ಊಟ ಉಂಡು ಬೆಳೆದ ಜನ. ಒಬ್ಬಳೇ ಹೆಂಗಸು ಮುದುಕಿಯಾಗುವುದನ್ನು ಇಲ್ಲಿ ಯಾರೂ ನೋಡಿಲ್ಲ.

ಈ ತೆರಪನ್ನು ತುಂಬಲು ಪ್ರಾಣಿಪ್ರಯೋಗಗಳನ್ನು ಕರೆತರುವುದುಂಟು. 2018ರಲ್ಲಿ ಟಾರೆಸ್ ಮೊದಲಾದವರು ಹೆಣ್ಣಿಲಿಗಳ ಅಂಡಾಶಯಗಳನ್ನು ತೆಗೆದಾಗ ಸ್ನಾಯುವಿನ ಮೈಟೊಕಾಂಡ್ರಿಯಗಳ ಉಸಿರಾಟ ಕುಂದಿತು. ಈಸ್ಟ್ರಾಡಯಾಲ್ ಆ ಸೂಕ್ಷ್ಮಾಂಗಗಳ ಪೊರೆಯಲ್ಲಿಯೇ ನೆಲಸಿ ಅದರ ಮಂದತೆಯನ್ನು ಇಳಿಸುವುದೆಂದೂ ತಿಳಿದುಬಂದಿತು. ಕಾರಣದ ಎಳೆಯೊಂದು ದೊರೆತುದು ಇಲ್ಲಿ ಮೆಚ್ಚತಕ್ಕ ವಿಷಯ. ಆದರೆ ಶಸ್ತ್ರದಿಂದ ಒಂದೇ ದಿನದಲ್ಲಿ ನೀಗಿದ ರಸಕ್ಕೂ ಕೆಲವು ವರ್ಷಗಳಲ್ಲಿ ಏರಿಳಿದು ತಗ್ಗುವ ರಸಕ್ಕೂ ಅಂತರವಿದೆ. ಐವತ್ತರ ಹೆಂಗಸು ಮೆಟ್ಟಿಲೇರಲು ಬಳಲುವಾಗ ಆಕೆಗೆ ವ್ಯಾಯಾಮವನ್ನು ಹೇಳಬೇಕೋ ಈಸ್ಟ್ರಾಡಯಾಲನ್ನು ಕೊಡಬೇಕೋ ಎಂಬುದನ್ನು ಇಲಿಯ ಸಾಕ್ಷ್ಯವೊಂದರಿಂದಲೇ ನಿರ್ಣಯಿಸಲಾಗದು. ಅದಕ್ಕೆ ಬೇಕಾದುದು ಅದದೇ ಸ್ತ್ರೀಯರನ್ನು ನಲವತ್ತರಿಂದ ಅರುವತ್ತರವರೆಗೆ ಹಿಂಬಾಲಿಸಿ, ಚಟುವಟಿಕೆಯನ್ನೂ ರಕ್ತದ ಈಸ್ಟ್ರಾಡಯಾಲನ್ನೂ ಅಳೆದು, ಪ್ರತಿಸಲವೂ ತೊಡೆಗೆ ಸೂಜಿ ಚುಚ್ಚಿ ಸ್ನಾಯುವಿನ ಚೂರನ್ನು ತೆಗೆದು ನೋಡುವ ಕೆಲಸ. ಇಪ್ಪತ್ತು ವರ್ಷ ಹಾಗೆ ಚುಚ್ಚಿಸಿಕೊಳ್ಳಲು ಒಪ್ಪುವವರು ವಿರಳ.